ಲೈಸೆನ್ಸು ಬೀರುವಿನಲ್ಲಿದೆ, ಕೋವಿ ಎಲ್ಲಿದೆ?

ಚಿಕ್ಕಲಸಂದ್ರ: ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ ಬನಶಂಕರಿ ಕಡೆಯ ಬಸ್ಸಿಗೆ ಕಾಯುತ್ತ ನಿಂತವರಲ್ಲಿ ಯಾರ ಸೊಂಟದಲ್ಲಿ ಪಿಸ್ತೂಲಿದೆ, ಯಾರ ಸೊಂಟದಲ್ಲಿ ಬರೀ ಬೀಗದ ಕೈ ಗೊಂಚಲಿದೆ? ಪಕ್ಕದವರಿಗೆ ಗೊತ್ತಾಗಬಾರದು. ಹಾಗಂತ ಕಾಯಿದೆಯೇ ಹೇಳುತ್ತದೆ. ಲೈಸೆನ್ಸುದಾರ ನಾಲ್ಕು ಜನ ಓಡಾಡುವ ಜಾಗಕ್ಕೆ ಕೈಬಂದೂಕು ಒಯ್ಯುವುದಾದರೆ ಅದು ಮೈಗೆ ಬಿಗಿದ ಒರೆಯಲ್ಲಿರಬೇಕು ಅಥವಾ ಅದಕ್ಕೆ ತಕ್ಕ ಚೀಲದಲ್ಲಿರಬೇಕು. ಉದ್ದ ಕೋವಿಯಾದರೆ ಅದರದೇ ಗವಸಿನಲ್ಲಿರಬೇಕು. ಪೂರ್ತಿ ಮುಚ್ಚಿರಬೇಕು. ಒಯ್ಯುವವನ ಹಿಡಿತದಲ್ಲಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಸಾರ ಇದು.

ಒರೆ, ಚೀಲ, ಗವಸು ಎಲ್ಲ ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಸಿಗುತ್ತವೆ. ಸಿಗದಿರುವುದು ಆ ಕೊನೆಯ ಮಾತು: ಹಿಡಿತ. ಕೋವಿ ಯಜಮಾನನ ಕೈಲಿರುವಾಗ ಆಗುವ ಅನಾಹುತ ಒಂದು ಬಗೆ. ಕೈಲಿಲ್ಲದಾಗ ಆಗುವುದು ಇನ್ನೊಂದು ಬಗೆ. ಎರಡಕ್ಕೂ ಕರ್ನಾಟಕದಲ್ಲಿ ಇತ್ತೀಚಿನ ಉದಾಹರಣೆಗಳಿವೆ. ಎರಡರಲ್ಲೂ ಸತ್ತಿದ್ದು ಮಕ್ಕಳು.

ಸಂಬಳದ ಜಗಳ

2021ರ ಅಕ್ಟೋಬರ್ 5, ಮಂಗಳೂರು. ಒಂದು ಸರಕು ಸಾಗಣೆ ಕಚೇರಿ. ಕೆಲಸಗಾರರು ಬಾಕಿ ಸಂಬಳ ಕೇಳಿಕೊಂಡು ಬಂದಿದ್ದರು. ಮಾತಿಗೆ ಮಾತು ಬೆಳೆಯಿತು. ಪೊಲೀಸರು ಆಗ ಹೇಳಿದಂತೆ, ಮಾಲೀಕರು ತಮ್ಮ ಲೈಸೆನ್ಸು ಇರುವ ಪಿಸ್ತೂಲು ತೆಗೆದು ಗುಂಡು ಹಾರಿಸಿದರು. ಗುಂಡು ತಗುಲಿದ್ದು ಕೆಲಸಗಾರರಿಗಲ್ಲ, ಅಲ್ಲೇ ನಿಂತಿದ್ದ ಅವರ ಸ್ವಂತ ಮಗನಿಗೆ. ಹದಿನಾರರ ಆಸುಪಾಸಿನ ಹುಡುಗ. ಆಸ್ಪತ್ರೆಯಲ್ಲಿ ಕೆಲವು ದಿನ ಜೀವ ಹಿಡಿದಿದ್ದು ತೀರಿಕೊಂಡ.

ಅಂಗಡಿ ನಡೆಸುವವರು ಈ ಸುದ್ದಿಯನ್ನು ಇನ್ನೊಂದು ಸಲ ಓದಬೇಕು. ಬಂದವರು ದರೋಡೆಕೋರರಲ್ಲ. ನಡುರಾತ್ರಿಯೂ ಅಲ್ಲ. ತಿಂಗಳ ಮೊದಲ ವಾರದಲ್ಲಿ ಚಿಕ್ಕಲಸಂದ್ರದ ಯಾವ ಅಂಗಡಿಯಲ್ಲಿ ಬೇಕಾದರೂ ನಡೆಯಬಹುದಾದ ಮಾತುಕತೆ ಅದು. ಪಿಸ್ತೂಲು ಕೈಗೆಟುಕುವಲ್ಲಿ ಇರದಿದ್ದರೆ ಹೆಚ್ಚೆಂದರೆ ಒಂದೆರಡು ಏಟು ಬೀಳುತ್ತಿತ್ತು, ಸಂಜೆಗೆ ಯಾರೋ ಹಿರಿಯರು ಬಂದು ರಾಜಿ ಮಾಡಿಸುತ್ತಿದ್ದರು.

ಗೋಡೆಯ ಮೇಲಿನ ಕೋವಿ

ಎರಡನೆಯದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನದು, 2025ರ ಫೆಬ್ರವರಿಯದು. ಒಂದು ಕೋಳಿ ಫಾರಂ. ಹೊಟ್ಟೆಪಾಡಿಗೆಂದು ದೂರದ ಪಶ್ಚಿಮ ಬಂಗಾಳದಿಂದ ಬಂದ ಕುಟುಂಬ ಅಲ್ಲಿ ಕೆಲಸಕ್ಕಿತ್ತು. ಅಲ್ಲೇ ಇದ್ದ ಕೋವಿಯೊಂದು ಇನ್ನೂ ಮೀಸೆ ಮೂಡದ ಹುಡುಗನ ಕೈಗೆ ಸಿಕ್ಕಿತು. ಆಟಕ್ಕೆಂದು ಎತ್ತಿಕೊಂಡ. ಒಳಗೆ ತೋಟಾ ಇತ್ತು. ಮೂರು ನಾಲ್ಕು ವರ್ಷದ ಮಗುವೊಂದು ಸತ್ತಿತು, ತಾಯಿಗೂ ಪೆಟ್ಟಾಯಿತು.

ಆ ಹುಡುಗನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಕೋವಿಯ ಮಾಲೀಕರಿಗೂ ಆ ಮಗುವಿನ ಮೇಲೆ ದ್ವೇಷವಿರಲಿಲ್ಲ. ಕೈಗೆಟುಕುವ ಜಾಗದಲ್ಲಿ ಕೋವಿ, ಕೋವಿಯಲ್ಲಿ ಗುಂಡು, ಮನೆಯಲ್ಲಿ ಮಕ್ಕಳು. ಇಷ್ಟು ಕೂಡಿದರೆ ಸಾಕು, ಬೇರೆ ಕಾರಣ ಬೇಡ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನಲ್ಲಿ ಒಂಬತ್ತು ವರ್ಷದ ಹುಡುಗ ಏರ್‌ಗನ್ನಿನಿಂದ ಸಿಡಿದ ಗುಂಡಿಗೆ ಬಲಿಯಾದ. ಮಂಗ ಓಡಿಸಲು ಇಟ್ಟಿದ್ದ ಏರ್‌ಗನ್ನು. ‘ಅದೇನು ಬಿಡ್ರಿ, ಆಟದ ಸಾಮಾನು’ ಅನ್ನುವವರು ಇದನ್ನು ನೆನಪಿಡಬೇಕು. ಎಲ್ಲ ಏರ್‌ಗನ್ನಿಗೂ ಲೈಸೆನ್ಸು ಬೇಡ, ನಿಜ. ಆದರೆ ಗುಂಡಿನ ದಪ್ಪ 4.5 ಮಿಲಿಮೀಟರು ಮೀರಿದರೆ ಅಥವಾ ನಳಿಗೆಯ ಬಾಯಲ್ಲಿ ಅದರ ಶಕ್ತಿ 20 ಜೂಲ್ ದಾಟಿದರೆ ಲೈಸೆನ್ಸು ಬೇಕೇ ಬೇಕು. ಬೇಡದ ಏರ್‌ಗನ್ನೂ ಮಗುವಿನ ಕಣ್ಣಿಗೆ, ಎದೆಗೆ ಕೋವಿಯೇ.

ಊರು ಹೋಯಿತು, ಕೋವಿ ಉಳಿಯಿತು

ಈ ಕಥೆಗಳೆಲ್ಲ ಮಂಗಳೂರು, ಮಂಡ್ಯ, ಶಿರಸಿಯವು. ಬೆಂಗಳೂರಿನ ಈ ಮೂಲೆಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬಹುದು.

ಸಂಬಂಧ ಇದೆ. ಚಿಕ್ಕಲಸಂದ್ರ ಹುಟ್ಟಿನಿಂದ ಬಡಾವಣೆಯಲ್ಲ. ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿಯ ಹಳ್ಳಿ. ಹೊಲಗಳು ಸೈಟಾದವು, ಸೈಟುಗಳು ಮನೆಯಾದವು, ಮನೆಗಳು ಈಗ ನಾಲ್ಕಂತಸ್ತಿನ ಬಾಡಿಗೆ ಕಟ್ಟಡಗಳಾಗಿವೆ. ಬೆಳೆ ಕಾಯುವುದಕ್ಕೆಂದು ರೈತರಿಗೆ ಕೋವಿ ಲೈಸೆನ್ಸು ಕೊಡುವುದು ಹಳ್ಳಿಗಾಡಿನಲ್ಲಿ ಹಳೇ ರೂಢಿ. ಊರನ್ನು ಪಟ್ಟಣ ನುಂಗಿದ ಕಡೆಯೆಲ್ಲ ಒಂದು ಪ್ರಶ್ನೆ ಉಳಿದುಹೋಗುತ್ತದೆ: ಬೆಳೆ ಹೋಯಿತು, ಹಂದಿ ಹೋಯಿತು, ತಾತನೂ ಹೋದರು. ತಾತನ ಒಂಟಿ ನಳಿಗೆ ಕೋವಿ ಎಲ್ಲಿ ಹೋಯಿತು?

ಬಹಳ ಮನೆಗಳಲ್ಲಿ ಉತ್ತರ ಒಂದೇ ಥರ. ಅಟ್ಟದ ಮೇಲೆ. ಇಲ್ಲವೇ ಬೀರುವಿನ ಹಿಂದೆ, ಹಳೇ ಪಂಚೆಯಲ್ಲಿ ಸುತ್ತಿ. ‘ಅದರಲ್ಲಿ ಏನೂ ಇಲ್ಲ, ತುಕ್ಕು ಹಿಡಿದಿದೆ, ತಾತನ ನೆನಪಿಗೆ ಇಟ್ಕೊಂಡಿದ್ದೀವಿ’ ಅನ್ನುತ್ತಾರೆ. ಆಯುಧಪೂಜೆಯ ದಿನ ಕೆಳಗಿಳಿಸಿ ಕುಂಕುಮವಿಟ್ಟು, ಮತ್ತೆ ಮೇಲಕ್ಕೆ.

ಕಾಯಿದೆ ನೆನಪನ್ನು ಕೇಳುವುದಿಲ್ಲ. ಲೈಸೆನ್ಸು ತಾತನ ಹೆಸರಿನಲ್ಲಿತ್ತು, ಮನೆತನದ ಹೆಸರಿನಲ್ಲಲ್ಲ. ಗದ್ದೆ, ಮನೆ, ಒಡವೆ ವಾರಸುದಾರರಿಗೆ ಬರುವಂತೆ ಲೈಸೆನ್ಸು ತಾನಾಗಿ ಬರುವುದಿಲ್ಲ. ಲೈಸೆನ್ಸುದಾರ ತೀರಿಕೊಂಡ ಮೇಲೆ, 1959ರ ಶಸ್ತ್ರಾಸ್ತ್ರ ಕಾಯಿದೆಯ 21ನೇ ಕಲಮಿನಂತೆ, ಮನೆಯವರು ವಿನಾಕಾರಣ ತಡಮಾಡದೆ ಕೋವಿಯನ್ನೂ ತೋಟಾಗಳನ್ನೂ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸು ಇರುವ ಬಂದೂಕು ವ್ಯಾಪಾರಿಯಲ್ಲಿ ಜಮೆ ಮಾಡಬೇಕು. ಮಾಡಿ ರಸೀದಿ ಪಡೆಯಬೇಕು. ಮಾಡದೆ ಅಟ್ಟದಲ್ಲಿಟ್ಟುಕೊಂಡರೆ ಅದು ಲೈಸೆನ್ಸಿಲ್ಲದ ಕೋವಿ. ಲೈಸೆನ್ಸಿಲ್ಲದ ಕೋವಿ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕಡಿಮೆ ಅಂದರೂ ಎರಡು ವರ್ಷ, ಹೆಚ್ಚೆಂದರೆ ಐದು ವರ್ಷ ಸಜಾ, ಮೇಲೆ ಜುಲ್ಮಾನೆ.

ತುಕ್ಕು ಹಿಡಿದಿದೆ ಅನ್ನುವ ಮಾತು ಪೂರ್ತಿ ಕೈಹಿಡಿಯುವುದಿಲ್ಲ. ಅಟ್ಟದಲ್ಲಿ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ ಅನ್ನುವವರಿಗೆ ಕಾಯಿದೆಯಲ್ಲಿ ಸ್ವಲ್ಪ ಜಾಗ ಉಂಟು. ಗೊತ್ತಿದ್ದೂ ತನ್ನ ವಶದಲ್ಲಿ ಇಟ್ಟುಕೊಂಡಿದ್ದನೇ ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟು 1972ರಷ್ಟು ಹಿಂದೆಯೇ ಹೇಳಿದೆ. ಆದರೆ ವರ್ಷಾ ವರ್ಷಾ ಇಳಿಸಿ ಕುಂಕುಮ ಇಟ್ಟವರು ಗೊತ್ತಿರಲಿಲ್ಲ ಅನ್ನುವುದು ಹೇಗೆ?

ಕೋವಿ ಉಳಿಸಿಕೊಳ್ಳಲೇಬೇಕು ಅನ್ನುವವರಿಗೂ ದಾರಿ ಇದೆ. ಸತ್ತವರ ಕೋವಿಗೆ ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿನಲ್ಲಿ ಲೈಸೆನ್ಸು ಕೇಳಬಹುದು. ಬದುಕಿರುವಾಗಲೇ ಕೊಡುವುದೂ ಸಾಧ್ಯ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ತಾವು ಹೆಸರಿಸಿದ ವಾರಸುದಾರರಿಗೆ ಲೈಸೆನ್ಸು ಕೊಡಿ ಅಂತ ಕೇಳಬಹುದು. ಮನೆಯಲ್ಲಿ ಹಿರಿಯರಿದ್ದು ಅವರ ಹೆಸರಿನಲ್ಲಿ ಕೋವಿ ಇದ್ದರೆ ಈ ಕೆಲಸ ಇವತ್ತೇ ಆಗಬೇಕಾದ್ದು. ಹನ್ನೊಂದನೇ ದಿನದ ಗಡಿಬಿಡಿಯಲ್ಲಿ ಕೋವಿ ಯಾರಿಗೆ ನೆನಪಾಗುತ್ತದೆ? ಆಮೇಲೆ ಅಣ್ಣತಮ್ಮಂದಿರ ಪಾಲಿನ ಜಗಳ ಶುರುವಾದಾಗ ಮಾತ್ರ ತಪ್ಪದೆ ನೆನಪಾಗುತ್ತದೆ, ಅದೂ ಯಾರೋ ಒಬ್ಬರು ಠಾಣೆಗೆ ಅರ್ಜಿ ಹಾಕಿದಾಗ!

ಹಳೇ ಲೈಸೆನ್ಸು ಪುಸ್ತಕ ಇದ್ದವರು ಇನ್ನೊಂದನ್ನೂ ನೋಡಿಕೊಳ್ಳಬೇಕು. ದೇಶದ ಎಲ್ಲ ಲೈಸೆನ್ಸುಗಳನ್ನೂ ಕೇಂದ್ರ ಸರ್ಕಾರ ಕಂಪ್ಯೂಟರಿನಲ್ಲಿ ಒಂದೇ ಪಟ್ಟಿಗೆ ಸೇರಿಸಿದೆ. ಪ್ರತಿ ಲೈಸೆನ್ಸುದಾರನಿಗೂ ಒಂದು ಪ್ರತ್ಯೇಕ ಗುರುತಿನ ಸಂಖ್ಯೆ ಉಂಟು. ಆ ಸಂಖ್ಯೆ ಇಲ್ಲದ ಪುಸ್ತಕಕ್ಕೆ ಈಗ ಬೆಲೆಯಿಲ್ಲ, ಎಷ್ಟೇ ಮೊಹರು ಬಿದ್ದಿರಲಿ. ಹಿಂದೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಕ್ರೀಡಾಪಟುಗಳಂಥ ಕೆಲವರಿಗೆ ಮಾತ್ರ ವಿನಾಯಿತಿ. ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದ್ದೂ ಅದೇ ತಿದ್ದುಪಡಿ. ಐದು ವರ್ಷ ಅಂದರೆ ಮರೆಯುವುದಕ್ಕೆ ಬೇಕಾದಷ್ಟು ಕಾಲ.

ಮಗ ಒಯ್ಯಬಹುದೇ?

ಅಪ್ಪನ ಹೆಸರಿನ ಕೋವಿಯನ್ನು ಮಗ ಸ್ಕೂಟರಿನಲ್ಲಿಟ್ಟುಕೊಂಡು ಹೊರಟ ಅಂತಿಟ್ಟುಕೊಳ್ಳಿ. ತಪ್ಪೇ?

ಇದಕ್ಕೆ ಕಾಯಿದೆಯ 3ನೇ ಕಲಮಿನಲ್ಲಿ ಸ್ಪಷ್ಟ ಉತ್ತರವಿದೆ. ಲೈಸೆನ್ಸಿಲ್ಲದವನು ಲೈಸೆನ್ಸುದಾರನ ಎದುರಿನಲ್ಲಿ, ಇಲ್ಲವೇ ಅವನು ಬರೆದುಕೊಟ್ಟ ಅಧಿಕಾರ ಪತ್ರ ಇಟ್ಟುಕೊಂಡು, ಮೂರೇ ಮೂರು ಕೆಲಸಕ್ಕೆ ಕೋವಿ ಒಯ್ಯಬಹುದು: ರಿಪೇರಿಗೆ, ಲೈಸೆನ್ಸು ನವೀಕರಣಕ್ಕೆ, ಅಥವಾ ಲೈಸೆನ್ಸುದಾರ ತಾನೇ ಉಪಯೋಗಿಸುವುದಕ್ಕೆ. ನಾಲ್ಕನೆಯ ಕೆಲಸ ಇಲ್ಲ. ಗೆಳೆಯನ ಫಾರ್ಮ್‌ಹೌಸಿನ ಬರ್ತ್‌ಡೇ ಈ ಪಟ್ಟಿಯಲ್ಲಿ ಬರುವುದಿಲ್ಲ. ಮೊಬೈಲಿನಲ್ಲಿ ಫೋಟೋ ಹಾಕುವುದಕ್ಕೆ ಅಪ್ಪನ ಪಿಸ್ತೂಲು ಹಿಡಿದು ನಿಲ್ಲುವುದಂತೂ ತಾನಾಗಿ ಪೊಲೀಸರಿಗೆ ಸಾಕ್ಷಿ ಬರೆದುಕೊಟ್ಟಂತೆ. ಹುಡುಗನಿಗೆ 21 ತುಂಬಿರದಿದ್ದರೆ ಬಂದೂಕು ಇಟ್ಟುಕೊಳ್ಳುವ ಅರ್ಹತೆಯೇ ಇಲ್ಲ.

ಕೊಟ್ಟ ಅಪ್ಪನದೂ ತಪ್ಪೇ. ಪಡೆಯುವವನಿಗೆ ಬಂದೂಕು ಇಟ್ಟುಕೊಳ್ಳುವ ಹಕ್ಕಿದೆಯೇ ಅಂತ ಖಾತ್ರಿ ಮಾಡಿಕೊಳ್ಳದೆ ಬೇರೆಯವರ ವಶಕ್ಕೆ ಕೊಡುವುದು 29ನೇ ಕಲಮಿನ ಅಪರಾಧ. ಪಕ್ಕದ ಮನೆಯವರು ‘ಎರಡು ದಿನ ನಿಮ್ಮಲ್ಲಿಟ್ಕೊಳಿ, ಊರಿಗೆ ಹೋಗಿ ಬರ್ತೀವಿ’ ಅಂದರೆ ತುಳಸಿ ಗಿಡಕ್ಕೆ ನೀರು ಹಾಕಿ, ಹಾಲಿನವನಿಗೆ ಹೇಳಿ, ಕೋವಿಯನ್ನು ಮಾತ್ರ ಇಟ್ಟುಕೊಳ್ಳಬೇಡಿ.

ಅಂಗಡಿಯಲ್ಲಿ

ಆಭರಣದಂಗಡಿ, ಗಿರವಿ ಅಂಗಡಿ, ಪೆಟ್ರೋಲ್ ಬಂಕು, ರಿಯಲ್ ಎಸ್ಟೇಟು. ಆತ್ಮರಕ್ಷಣೆಗೆ ಲೈಸೆನ್ಸು ಕೇಳುವವರಲ್ಲಿ ವ್ಯಾಪಾರಸ್ಥರು ಸಾಕಷ್ಟು. ಬೆಂಗಳೂರು ನಗರದಲ್ಲಿ ಅರ್ಜಿ ಹೋಗುವುದು ಪೊಲೀಸ್ ಕಮಿಷನರ ಕಚೇರಿಗೆ; ಬೇರೆ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗೆ. ಅರ್ಜಿ ಬಂದಾಗ ಠಾಣೆಯವರು ಪೂರ್ವಾಪರ ವಿಚಾರಿಸುತ್ತಾರೆ. ಅರ್ಜಿದಾರ ಬಂದೂಕನ್ನು ಭದ್ರವಾಗಿಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಬೀರು ತೆಗೆದು ನೋಡಲು ಯಾವ ಪೇದೆಯೂ ಬರುವುದಿಲ್ಲ. ಅಲ್ಲೇ ಇರುವುದು ತೊಂದರೆ. ಬರೆದುಕೊಟ್ಟಿದ್ದು ಕಾಗದದಲ್ಲಿ, ಪಿಸ್ತೂಲು ಗಲ್ಲಾಪೆಟ್ಟಿಗೆಯಲ್ಲಿ!

ಗಲ್ಲಾಪೆಟ್ಟಿಗೆ ಅಂದರೆ ಏನು? ಚಿಲ್ಲರೆಗೆ ಹುಡುಗ ಕೈ ಹಾಕುತ್ತಾನೆ. ಯಜಮಾನರು ಕಾಫಿಗೆ ಹೋದಾಗ ಭಾವಮೈದುನ ಕೂರುತ್ತಾನೆ. ಸ್ಕೂಲು ಬಿಟ್ಟ ಮೇಲೆ ಮೊಮ್ಮಗ ಬಂದು ಅದರ ಮೇಲೇ ಹೋಂವರ್ಕ್ ಬರೆಯುತ್ತಾನೆ. ದಿನಕ್ಕೆ ಐವತ್ತು ಸಲ ತೆರೆಯುವ ಪೆಟ್ಟಿಗೆ ಭದ್ರತೆಯ ಜಾಗವಲ್ಲ. ಕಳ್ಳನೂ ಮೊದಲು ತೆರೆಯುವುದು ಅದನ್ನೇ. ಹಣದ ಜತೆಗೆ ಪಿಸ್ತೂಲನ್ನೂ ಒಯ್ಯುತ್ತಾನೆ. ನಾಳೆ ಅದೇ ಪಿಸ್ತೂಲು ಇನ್ನೊಂದು ಬಡಾವಣೆಯಲ್ಲಿ ಇನ್ನೊಬ್ಬರ ಎದೆಗೆ ಬರುತ್ತದೆ.

ಬಂದೂಕು ಬಲ್ಲವರ ಪದ್ಧತಿ ಬೇರೆ. ಉಪಯೋಗವಿಲ್ಲದಾಗ ಗುಂಡು ತೆಗೆದಿಡುವುದು. ತೆಗೆದ ಮೇಲೆ ನಳಿಗೆ ಖಾಲಿಯೇ ಅಂತ ಇನ್ನೊಮ್ಮೆ ನೋಡುವುದು. ಯಾಕೆಂದರೆ ಪಿಸ್ತೂಲಿನ ಮ್ಯಾಗಜೀನು ತೆಗೆದರೂ ಒಂದು ಗುಂಡು ಒಳಗೇ ಉಳಿದಿರಬಹುದು. ‘ಖಾಲಿ ಅಂದ್ಕೊಂಡಿದ್ದೆ’ ಅನ್ನುವ ಮಾತು ಹುಟ್ಟುವುದೇ ಅಲ್ಲಿ. ಗೋಡೆಗೋ ನೆಲಕ್ಕೋ ಬಿಗಿದ ಉಕ್ಕಿನ ಪೆಟ್ಟಿಗೆಯಲ್ಲಿ ಬಂದೂಕು, ಬೇರೆ ಬೀಗದಲ್ಲಿ ತೋಟಾ. ಎರಡರ ಬೀಗದ ಕೈಯೂ ಲೈಸೆನ್ಸುದಾರನ ಹತ್ತಿರ. ದೇವರ ಮನೆಯ ಮೊಳೆಗೆ ನೇತುಹಾಕಿದ ಬೀಗದ ಕೈ ಇಡೀ ಮನೆಗೆ ಗೊತ್ತಿರುವ ಬೀಗದ ಕೈ.

‘ಕಳ್ಳ ಬಂದಾಗ ಬೀಗ ತೆಗೆದು, ತೋಟಾ ಹುಡುಕಿ, ತುಂಬಿಸಿಕೊಳ್ಳೋವಷ್ಟರಲ್ಲಿ ಕಥೆ ಮುಗಿದಿರುತ್ತೆ, ಸ್ವಾಮಿ’ ಎಂದು ವಾದಿಸುವವರುಂಟು. ವಾದದಲ್ಲಿ ಹುರುಳಿದೆ. ಆದರೆ ಕಳ್ಳ ಬರುವುದು ಜನ್ಮಕ್ಕೊಮ್ಮೆ, ಬರದೆಯೂ ಇರಬಹುದು. ಮೊಮ್ಮಗ ಬರುವುದು ದಿನಾ ಸಂಜೆ.

ಇನ್ನು ಬಂದೂಕಿದ್ದ ಮಾತ್ರಕ್ಕೆ ಹಣ ಉಳಿಯುತ್ತದೆ ಅನ್ನುವುದಕ್ಕೂ ಖಾತ್ರಿಯಿಲ್ಲ. 2025ರ ನವೆಂಬರ್ 19ರಂದು ಇಲ್ಲೇ ಹತ್ತಿರದ ಜಯನಗರ ಅಶೋಕ ಪಿಲ್ಲರ್ ಬಳಿ ನಡೆದದ್ದನ್ನು ದಕ್ಷಿಣ ಬೆಂಗಳೂರಿನವರು ಮರೆತಿರಲಾರರು. ಬ್ಯಾಂಕಿನ ಎಟಿಎಂಗೆ ತುಂಬಲು ಹೊರಟಿದ್ದ ಹಣದ ವ್ಯಾನನ್ನು ಹಾಡಹಗಲೇ ಕಾರಿನಲ್ಲಿ ಬಂದವರು ಅಡ್ಡಗಟ್ಟಿದರು. ರಿಸರ್ವ್ ಬ್ಯಾಂಕಿನವರು ಅಂತ ಹೇಳಿಕೊಂಡರು. 7.11 ಕೋಟಿ ರೂಪಾಯಿ ಹೋಯಿತು. ವ್ಯಾನಿನಲ್ಲಿ ಕೋವಿ ಹಿಡಿದ ಕಾವಲಿನವರು ಇದ್ದರು. ಒಂದು ಗುಂಡೂ ಹಾರಲಿಲ್ಲ. ಕೆಲಸ ಮಾಡಿದ್ದು ಬಾಯಿಮಾತು. ಪೊಲೀಸರು ಕೆಲವೇ ದಿನಗಳಲ್ಲಿ ಹಣದ ಬಹುಪಾಲನ್ನು ಪತ್ತೆ ಮಾಡಿದರು, ಬಂಧಿತರಲ್ಲಿ ಒಬ್ಬ ಪೊಲೀಸ್ ಪೇದೆಯೂ ಇದ್ದ. ಆ ಗಿಜಿಗುಡುವ ರಸ್ತೆಯಲ್ಲಿ ಗುಂಡಿನ ಚಕಮಕಿ ನಡೆದಿದ್ದರೆ ಬಸ್ಸಿನಲ್ಲಿ ಕೂತವರ ಗತಿ ಏನಾಗುತ್ತಿತ್ತು ಅಂತ ಯೋಚಿಸಿದರೆ ಕಾವಲಿನವರು ಕೋವಿ ಎತ್ತದೇ ಇದ್ದದ್ದೇ ಒಳ್ಳೆಯದಾಯಿತು ಅನಿಸುತ್ತದೆ.

ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತ ಕಾವಲಿನವರ ಕೈಲಿರುವ ಜೋಡು ನಳಿಗೆಯೂ ಇದೇ ನಿಯಮಕ್ಕೆ ಒಳಪಟ್ಟದ್ದು. ಹಲವರು ಮಾಜಿ ಸೈನಿಕರು, ಶಿಸ್ತು ಬಲ್ಲವರು. ಆದರೆ ಎಂಟು ಗಂಟೆ ಕೂತ ಮನುಷ್ಯನಿಗೆ ಟೀ ಬೇಕು, ಶೌಚಕ್ಕೆ ಹೋಗಬೇಕು. ಆಗ ಕೋವಿ ಯಾರ ಹತ್ತಿರ? ಸ್ಟೂಲಿಗೆ ಒರಗಿಸಿ ಹೋಗುವ ದೃಶ್ಯ ಕಂಡವರಿದ್ದಾರೆ. ಕಾವಲಿಗೆ ಇಟ್ಟುಕೊಂಡವರು ಸಂಬಳದ ಜತೆ ಇದಕ್ಕೂ ಒಂದು ವ್ಯವಸ್ಥೆ ಮಾಡಬೇಕಲ್ಲವೇ?

ಬಸ್ಸು, ಜಾತ್ರೆ, ಮದುವೆ

ಕೋವಿ ಒಯ್ಯುವವರು ಲೈಸೆನ್ಸನ್ನೂ ಜತೆಗೆ ಒಯ್ಯಬೇಕು. ಪೊಲೀಸರು ಕೇಳಿದಲ್ಲಿ ತೋರಿಸಬೇಕು. ‘ಮನೇಲಿದೆ, ತಂದು ತೋರಿಸ್ತೀನಿ’ ಅಂದರೆ ಅಲ್ಲೇ ಹೆಸರು, ವಿಳಾಸ ಬರೆದುಕೊಳ್ಳಬಹುದು, ಬಂದೂಕು ವಶಪಡಿಸಿಕೊಳ್ಳಲೂಬಹುದು. ಲೈಸೆನ್ಸು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಜಿಲ್ಲೆಗೆ ಮಾತ್ರ ಬರೆದಿದ್ದರೆ ಜಿಲ್ಲೆಯ ಗಡಿ ದಾಟುವಂತಿಲ್ಲ. ಬಸ್ಸಿನಲ್ಲಿ ಕೋವಿಯ ಚೀಲವನ್ನು ಮೇಲಿನ ಹಲಗೆಗೆ ಎಸೆದು ಕಿಟಕಿ ಪಕ್ಕ ನಿದ್ದೆ ಹೋದರೆ ‘ಹಿಡಿತ’ ಅಲ್ಲಿಗೆ ಮುಗಿಯಿತು. ಮೆಟ್ರೋ ಕಡೆ ಹೋಗುವ ಯೋಚನೆಯೇ ಬೇಡ, ಚೀಲ ಯಂತ್ರದೊಳಗೆ ಹೋಗಿ ಬರುತ್ತದೆ.

ಹಳೇ ಚೀಲದ ಮೂಲೆಯಲ್ಲಿ ಉಳಿದುಹೋದ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿ ಠಾಣೆ ಮೆಟ್ಟಿಲು ಹತ್ತಿಸಿದ ಪ್ರಸಂಗಗಳು ದೇಶದಲ್ಲಿ ಬೇಕಾದಷ್ಟಿವೆ. ವಿಮಾನದಲ್ಲಿ ಲೈಸೆನ್ಸು ಕೋವಿ ಒಯ್ಯಲೇಬೇಕಾದರೆ ಮೊದಲೇ ತಿಳಿಸಿ, ಗುಂಡು ಬೇರ್ಪಡಿಸಿ, ಸಾಮಾನಿನ ಜತೆ ಹಾಕಬೇಕು. ಕೈಚೀಲದಲ್ಲಿ ಅಲ್ಲ.

ಇನ್ನು ಲೈಸೆನ್ಸು ಪುಸ್ತಕದಲ್ಲೇ ಅಚ್ಚಾಗಿರುವ, ಯಾರೂ ಓದದ ಷರತ್ತೊಂದಿದೆ. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಬಂದೂಕು ಒಯ್ಯಬಾರದು. ಲೈಸೆನ್ಸು ಇದ್ದರೂ ಒಯ್ಯಬಾರದು. ಸೊಂಟದಲ್ಲಿ ಸಿಕ್ಕಿಸಿಕೊಂಡು ಪೇರೆಂಟ್ಸ್ ಮೀಟಿಂಗಿಗೆ ಹೋಗುವ ರಿಯಲ್ ಎಸ್ಟೇಟ್ ಯಜಮಾನರು ಕೇಳಿಸಿಕೊಳ್ಳಲಿ. ಗಣೇಶನ ಮೆರವಣಿಗೆಗೂ ಇದೇ ಮಾತು.

ಮೆರವಣಿಗೆ ಅಂದಾಗ ಯಾದಗಿರಿಯದು ನೆನಪಾಗುತ್ತದೆ. 2021ರ ಆಗಸ್ಟಿನಲ್ಲಿ ಕೇಂದ್ರ ಸಚಿವರೊಬ್ಬರ ಯಾತ್ರೆ ಅಲ್ಲಿಗೆ ಬಂದಾಗ ಸ್ವಾಗತಕ್ಕೆಂದು ಗಾಳಿಯಲ್ಲಿ ಗುಂಡು ಹಾರಿಸಿದರು. ಹಾರಿಸಿದವರ ಮೇಲೆ ಕೇಸು ಬಿತ್ತು. ಕರ್ತವ್ಯಲೋಪ ಅಂತ ಪೊಲೀಸ್ ಪೇದೆಗಳು ಅಮಾನತಾದರು. ಗಾಳಿಯಲ್ಲಿ ಹಾರಿಸಿದ್ದು ಗಾಳಿಯಲ್ಲೇ ಉಳಿಯುವುದಿಲ್ಲವಲ್ಲ. ಮೇಲೆ ಹೋದ ಗುಂಡು ಯಾವುದೋ ಮನೆಯ ತಾರಸಿಯ ಮೇಲೆ, ಒಣಹಾಕಿದ ಬಟ್ಟೆ ತೆಗೆಯಲು ಬಂದವರ ತಲೆ ಮೇಲೆ ಇಳಿಯುತ್ತದೆ. ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಪ್ರತ್ಯೇಕ ಅಪರಾಧ ಮಾಡಿತು. ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ಜುಲ್ಮಾನೆ, ಅಥವಾ ಎರಡೂ. ಅದೇ ಕಲಮಿನಲ್ಲಿ ಇನ್ನೊಂದು ಮಾತು ಸೇರಿದೆ: ಸಂಭ್ರಮವೇ ಆಗಬೇಕಿಲ್ಲ, ಬೇರೆಯವರ ಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದಲೋ ಅಜಾಗರೂಕತೆಯಿಂದಲೋ ಬಂದೂಕು ಬಳಸಿದರೂ ಅಷ್ಟೇ ಸಜಾ.

ಪ್ರಾಣ ಹೋದರೆ ಅದು ಬೇರೆ ಮೊಕದ್ದಮೆ. ಅಜಾಗರೂಕತೆಯಿಂದ ಸಾವು ತಂದವರಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಸಜಾ ಇದೆ. ಹಿಂದಿನ ದಂಡಸಂಹಿತೆಯಲ್ಲಿ ಎರಡು ವರ್ಷ ಇತ್ತು. ಆತ್ಮರಕ್ಷಣೆಯ ಹಕ್ಕು ಹೊಸದರಲ್ಲೂ ಉಳಿದಿದೆ. ಆದರೆ ಅದು ಎದುರಿಗಿರುವ ಅಪಾಯ ಎಷ್ಟೋ ಅಷ್ಟಕ್ಕೆ. ಓಡಿಹೋಗುತ್ತಿರುವ ಸರಗಳ್ಳನ ಬೆನ್ನಿಗೆ ಗುರಿಯಿಟ್ಟವರು ಕೋರ್ಟಿನಲ್ಲಿ ಅದನ್ನು ಸಮರ್ಥಿಸಿಕೊಳ್ಳುವುದು ಸುಲಭವಲ್ಲ.

ಇಷ್ಟೆಲ್ಲದರ ನಡುವೆ ಒಂದು ವಿಚಿತ್ರ. ಲೈಸೆನ್ಸಿನ ಷರತ್ತು ಮುರಿದದ್ದಕ್ಕೆ, ಅಂದರೆ ಜಾತ್ರೆಗೆ ಒಯ್ದದ್ದು, ಕಳೆದುಹೋದರೂ ದೂರು ಕೊಡದಿದ್ದದ್ದು, ಇಂಥವಕ್ಕೆ 30ನೇ ಕಲಮಿನಲ್ಲಿರುವುದು ಆರು ತಿಂಗಳವರೆಗೆ ಸಜಾ, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ. ಎರಡು ಸಾವಿರ! ಲಕ್ಷಗಟ್ಟಲೆ ಕೊಟ್ಟು ಪಿಸ್ತೂಲು ಕೊಂಡವರಿಗೆ ಇದೊಂದು ಹೊರೆಯೇ? ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ಷರತ್ತು ಮುರಿದವರ ಲೈಸೆನ್ಸನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ 17ನೇ ಕಲಮಿನಂತೆ ಕಮಿಷನರಿಗಿದೆ. ಒಮ್ಮೆ ರದ್ದಾದದ್ದನ್ನು ಮತ್ತೆ ಪಡೆಯುವುದು ಸುಲಭದ ಮಾತಲ್ಲ.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ!

ಈ ಮಾತು ಟೀ ಅಂಗಡಿಯ ಚರ್ಚೆಯಲ್ಲಿ ಬಂದೇ ಬರುತ್ತದೆ. ನಿಜ. ಕೊಡವರಿಗೂ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಲ್ಲಿ, 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟದ್ದರಿಂದ ಶುರುವಾಗಿ ಇಂದಿಗೂ ಮುಂದುವರಿದಿದೆ. ಕೇಂದ್ರ ಗೃಹ ಇಲಾಖೆ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದು ತಾರತಮ್ಯ ಅಂತ ಹೈಕೋರ್ಟಿಗೆ ಹೋದವರಿದ್ದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

ಆದರೆ ಗಮನಿಸಬೇಕಾದ್ದು ಬೇರೆ. ಅಲ್ಲಿ ಕೋವಿ ಮನೆಯ ದೇವರ ಹಾಗೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಯಾಗುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು. ಊರಿಗೆ ಸುದ್ದಿ ಮುಟ್ಟಿಸುವ ಲೆಕ್ಕವದು. ಮಕ್ಕಳು ಕೋವಿ ನೋಡುತ್ತಲೇ ಬೆಳೆಯುತ್ತಾರೆ, ಅದು ಆಟದ ಸಾಮಾನಲ್ಲ ಅಂತ ತಿಳಿದೇ ಬೆಳೆಯುತ್ತಾರೆ. ವಿನಾಯಿತಿ ಇರುವುದು ಲೈಸೆನ್ಸಿಗೆ ಮಾತ್ರ. ಅಜಾಗರೂಕತೆಗೆ ಅಲ್ಲಿಯೂ ವಿನಾಯಿತಿ ಇಲ್ಲ. ಕೊಡಗಿನ ಗಡಿ ದಾಟಿದರೆ ವಿನಾಯಿತಿಗೂ ಲೆಕ್ಕ ಉಂಟು: ಒಂದು ರೈಫಲ್ಲು, ಒಂದು ಸಾದಾ ನಳಿಗೆಯ ಕೋವಿ, ಇಷ್ಟಿಷ್ಟೇ ತೋಟಾ. ಜಯನಗರ, ಬನಶಂಕರಿಯಲ್ಲಿ ನೆಲೆಸಿದ ಕೊಡಗಿನವರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು.

ಚುನಾವಣೆ ಬಂತು, ಕೋವಿ ಠಾಣೆಗೆ

ಚುನಾವಣೆ ಘೋಷಣೆಯಾದಾಗಲೆಲ್ಲ ಠಾಣೆಯಿಂದ ಕರೆ ಬರುತ್ತದೆ: ಬಂದೂಕು ತಂದು ಜಮೆ ಮಾಡಿ. ‘ನಾವೇನು ರೌಡಿಗಳಾ?’ ಅಂತ ಗೊಣಗುವವರು ಬಹಳ. ಗೊಣಗುವುದಕ್ಕೆ ಸ್ವಲ್ಪ ನ್ಯಾಯವೂ ಇದೆ. ಎಲ್ಲರನ್ನೂ ಒಂದೇ ಕೋಲಿನಲ್ಲಿ ಓಡಿಸಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಪರಿಶೀಲನಾ ಸಮಿತಿಯೊಂದು ಪ್ರತಿ ಲೈಸೆನ್ಸನ್ನೂ ನೋಡಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕವರು, ಇಂಥವರಿಂದ ಮುಖ್ಯವಾಗಿ ಜಮೆ ಮಾಡಿಸಿಕೊಳ್ಳಬೇಕು. ಬ್ಯಾಂಕು ಕಾವಲಿನವರಿಗೂ ಕ್ರೀಡಾಪಟುಗಳಿಗೂ ವಿನಾಯಿತಿ ಕೇಳುವ ದಾರಿ ಇದೆ. ತೋಟದಲ್ಲಿ ಒಂಟಿ ಮನೆ ಇರುವವರ ಕಷ್ಟ ಬೇರೆ, ಚಿಕ್ಕಲಸಂದ್ರದ ಓಣಿಯ ಕಷ್ಟ ಬೇರೆ. ಇಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಇಲ್ಲಿ ಹಾರಿದ ಒಂದು ಗುಂಡಿಗೆ ಮೂರು ಮನೆಯ ಲೆಕ್ಕ.

ಜಮೆ ಮಾಡಿದವರು ರಸೀದಿ ಪಡೆಯದೆ ಬರಬಾರದು. ಬಂದೂಕಿನ ನಂಬರು, ತೋಟಾ ಎಷ್ಟು, ಯಾವ ಸ್ಥಿತಿಯಲ್ಲಿತ್ತು, ಎಲ್ಲ ಬರೆಸಿಕೊಳ್ಳಬೇಕು. ವಾಪಸು ತರುವಾಗ ಅದರೊಂದಿಗೆ ತಾಳೆ ನೋಡಬೇಕು. ಇದರಲ್ಲಿ ನಾಚಿಕೆ ಬೇಡ. ಬಟ್ಟೆ ಇಸ್ತ್ರಿಗೆ ಕೊಟ್ಟರೂ ಎಣಿಸಿ ತರುತ್ತೇವಲ್ಲ.

ಮನೆ ಬದಲಿಸಿದವರಿಗೂ ಒಂದು ಕೆಲಸವಿದೆ. ಪದ್ಮನಾಭನಗರದಿಂದ ಚಿಕ್ಕಲಸಂದ್ರಕ್ಕೆ ಎರಡು ಫರ್ಲಾಂಗು ಬಂದರೂ ವಿಳಾಸ ಬದಲಾಯಿತು. 30 ದಿನದೊಳಗೆ ಲೈಸೆನ್ಸು ಕೊಟ್ಟವರಿಗೆ ತಿಳಿಸಬೇಕು. ಗ್ಯಾಸಿಗೆ, ಪಡಿತರಕ್ಕೆ, ಮಕ್ಕಳ ಸ್ಕೂಲಿಗೆ ವಿಳಾಸ ಬದಲಿಸುವವರು ಇದೊಂದನ್ನು ಮರೆಯುತ್ತಾರೆ.

ಕೋವಿ ಕಳುವಾದರೆ, ಕಳೆದರೆ, ಆ ಗಳಿಗೆಯೇ ಹತ್ತಿರದ ಠಾಣೆಗೆ ಹೋಗಬೇಕು. ಚಿಕ್ಕಲಸಂದ್ರದವರಿಗೆ ಅದು ಸುಬ್ರಹ್ಮಣ್ಯಪುರ ಠಾಣೆ. ‘ಮನೆಯಲ್ಲೇ ಎಲ್ಲೋ ಇರುತ್ತೆ, ಹಬ್ಬದ ಕ್ಲೀನಿಂಗಲ್ಲಿ ಸಿಗುತ್ತೆ’ ಅಂತ ಕಾಯುವಂತಿಲ್ಲ. ಅಟ್ಟದ ಮೇಲೆ ತಾತನ ಕೋವಿ ಇರುವ ಮನೆಯವರೂ ಹೋಗಬೇಕಾದ್ದು ಅಲ್ಲಿಗೇ, ಸಾವಿನ ದಾಖಲೆ, ಹಳೇ ಲೈಸೆನ್ಸು ಪುಸ್ತಕ ಹಿಡಿದುಕೊಂಡು. ಎತ್ತಿಕೊಂಡು ಹೋಗುವ ಮೊದಲು ಠಾಣೆಗೆ ಒಂದು ಫೋನು ಮಾಡಿ ಹೇಳಿ. ಒಳಗೆ ತೋಟಾ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ ಕುದುರೆ ಎಳೆದು ನೋಡಲು ಹೋಗಬೇಡಿ. ಬಲ್ಲವರನ್ನು ಕರೆಸಿ ತೆಗೆಸಿ.